ಡಿಸ್ನಿ ಟಿಕೆಟ್ಟಿಗಾಗಿ ಟೈಮ್‌ಶೇರ್ ಪ್ರೆಸೆಂಟೇಶನ್‌ಗೆ ಹೋಗಬಹುದೇ? ಹೋದರೆ ಸಹಿ ಹಾಕದೆ ಹೊರಬರುವುದು ಹೇಗೆ?

ಮಕ್ಕಳ ಬೇಸಿಗೆ ರಜೆ ಹತ್ತಿರವಾದಂತೆ ಅಮೆರಿಕದಲ್ಲಿರುವ ನಮ್ಮವರಿಂದ ಈ ಪ್ರಶ್ನೆ ಪ್ರತಿ ವರ್ಷವೂ ಬರುತ್ತದೆ. "ಫ್ಲಾರಿಡಾದ ಒರ್ಲ್ಯಾಂಡೊಗೆ ಹೊರಟಿದ್ದೇವೆ. ಟೈಮ್‌ಶೇರ್ (ರೆಸಾರ್ಟ್ ಕೋಣೆಯ ಪಾಲು) ಮಾರುವವರ ಪ್ರೆಸೆಂಟೇಶನ್ 90 ನಿಮಿಷ ಕೂತು ಕೇಳಿದರೆ ಎರಡು ಡಿಸ್ನಿ ಟಿಕೆಟ್ ಕೊಡುತ್ತಾರಂತೆ. ಹೋಗೋಣವೇ?" ಕೇಳುವವರ ಕಷ್ಟ ನನಗೆ ಅರ್ಥವಾಗುತ್ತದೆ. ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ, ಜೊತೆಗೆ ಇಬ್ಬರು ಮಕ್ಕಳು. ಒಬ್ಬರಿಗೆ ಒಂದು ದಿನದ ಟಿಕೆಟ್ಟೇ ನೂರು ಡಾಲರ್ ದಾಟುತ್ತದೆ, ರಜೆಯ ದಿನಗಳಲ್ಲಿ ಇನ್ನೂ ಹೆಚ್ಚು. ಆರು ಜನಕ್ಕೆ ಲೆಕ್ಕ ಹಾಕಿದರೆ ಎದೆ ಝಲ್ಲೆನ್ನುತ್ತದೆ.

ಹೋಗಬಹುದು. ಸರಿಯಾದ ಕಂಪನಿಯಾದರೆ ಟಿಕೆಟ್ ನಿಜಕ್ಕೂ ಕೊಡುತ್ತಾರೆ. ಆದರೆ ಅದು ಉಡುಗೊರೆಯಲ್ಲ, ನಿಮ್ಮ ಅರ್ಧ ದಿನಕ್ಕೆ ಕೊಡುವ ಕೂಲಿ. ಕೂಲಿ ತೆಗೆದುಕೊಂಡವರಿಗೆ ಯಾರ ಹಂಗೂ ಇಲ್ಲ. ಈ ಒಂದು ಮಾತು ಮನಸ್ಸಿನಲ್ಲಿ ಗಟ್ಟಿಯಾಗಿದ್ದರೆ ಮಾತ್ರ ಹೋಗಿ. "ಪಾಪ, ಇಷ್ಟು ಹೊತ್ತು ವಿವರಿಸಿದರು, ಹೇಗೆ ಬೇಡ ಅನ್ನುವುದು" ಎಂದು ಸಂಕೋಚಪಡುವ ಸ್ವಭಾವ ನಿಮ್ಮದಾದರೆ ಟಿಕೆಟ್ ದುಡ್ಡು ಕೊಟ್ಟೇ ಕೊಳ್ಳಿ. ಅದೇ ಅಗ್ಗ.

ಮೊದಲು ಕೆಲವು ಪದಗಳು

ಟೈಮ್‌ಶೇರ್ ಎಂದರೆ ಒಂದು ರೆಸಾರ್ಟಿನ ಕೋಣೆಯನ್ನು ವರ್ಷಕ್ಕೆ ಇಷ್ಟು ದಿನ, ಸಾಮಾನ್ಯವಾಗಿ ಒಂದು ವಾರ, ಬಳಸುವ ಹಕ್ಕು. ಕೆಲವು ಕಡೆ ಆ ವಾರವನ್ನು ನಿಮ್ಮ ಹೆಸರಿಗೆ ನೋಂದಾಯಿಸಿ ಕೊಡುತ್ತಾರೆ. ಅದು ಡೀಡ್. ಈಗ ಹೆಚ್ಚಾಗಿ ಮಾರುವುದು ಪಾಯಿಂಟ್ಸ್: ವರ್ಷಕ್ಕೆ ಇಷ್ಟು ಅಂಕ ನಿಮ್ಮ ಖಾತೆಗೆ ಬೀಳುತ್ತದೆ, ಅದನ್ನು ಖರ್ಚು ಮಾಡಿ ಕೋಣೆ ಪಡೆಯಬೇಕು. ಮೆಂಟೆನೆನ್ಸ್ ಫೀ ಎಂದರೆ ರೆಸಾರ್ಟಿನ ನಿರ್ವಹಣೆಗೆ ಪ್ರತಿ ವರ್ಷ ಕಟ್ಟಬೇಕಾದ ಹಣ. ನೀವು ಆ ವರ್ಷ ಹೋದರೂ ಕಟ್ಟಬೇಕು, ಹೋಗದಿದ್ದರೂ ಕಟ್ಟಬೇಕು. ಎಕ್ಸ್‌ಚೇಂಜ್ ಎಂದರೆ ನಿಮ್ಮ ವಾರವನ್ನು ಬೇರೆ ಊರಿನ ರೆಸಾರ್ಟಿಗೆ ಬದಲಾಯಿಸಿಕೊಳ್ಳುವುದು. ಆರ್‌ಸಿಐ, ಇಂಟರ್ವಲ್ ಇಂಟರ್‌ನ್ಯಾಷನಲ್ ಈ ಕೆಲಸ ಮಾಡುವ ದೊಡ್ಡ ಸಂಸ್ಥೆಗಳು. ಅವುಗಳ ಸದಸ್ಯತ್ವ ಶುಲ್ಕ, ಬದಲಾವಣೆಯ ಶುಲ್ಕ ಬೇರೆ. ಕೊನೆಯದು ರಿಸಿಶನ್, ಸಹಿ ಹಾಕಿದ ಮೇಲೂ ನಿಗದಿಯಾದ ದಿನಗಳೊಳಗೆ ಕಾರಣ ಹೇಳದೆ ಕರಾರು ರದ್ದು ಮಾಡುವ ಹಕ್ಕು. ಈ ಪದವನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಹಂತ 1: ಕರೆಯುವವರು ಯಾರೆಂದು ಗುರುತಿಸಿ

ಒರ್ಲ್ಯಾಂಡೊ ಪಕ್ಕದ ಕಿಸಿಮ್ಮಿಯ 192ನೇ ಹೆದ್ದಾರಿಯ ಉದ್ದಕ್ಕೂ "ಅಗ್ಗದ ಡಿಸ್ನಿ ಟಿಕೆಟ್" ಎಂಬ ಬೋರ್ಡಿನ ಬೂತುಗಳು ಕಾಣುತ್ತವೆ. ಹೋಟೆಲಿನ ಲಾಬಿಯಲ್ಲಿ, ಔಟ್‌ಲೆಟ್ ಮಾಲುಗಳಲ್ಲಿ ಮೇಜು ಹಾಕಿಕೊಂಡು ಕೂತಿರುತ್ತಾರೆ. ಫೋನಿನಲ್ಲಿ "ಮೂರು ರಾತ್ರಿ ನಾಲ್ಕು ಹಗಲು ಬರೀ 199 ಡಾಲರ್" ಎನ್ನುವ ಪ್ಯಾಕೇಜೂ ಇದೇ ಜಾತಿಯದು. ಅದನ್ನು ತೆಗೆದುಕೊಂಡು ಪ್ರೆಸೆಂಟೇಶನ್ ತಪ್ಪಿಸಿಕೊಂಡರೆ ಕೋಣೆಯ ಪೂರ್ತಿ ದರವನ್ನು ನಿಮ್ಮ ಕಾರ್ಡಿಗೆ ಹಾಕುತ್ತಾರೆ.

ಬಹಳ ಜನ ಎಡವುವುದು ಮಾತ್ರ ಬೇರೆ ಕಡೆ. ರೆಸಾರ್ಟಿನ ಚೆಕ್-ಇನ್ ಮುಗಿದ ಕೂಡಲೇ "ಪಾರ್ಕಿಂಗ್ ಪಾಸ್ ಪಕ್ಕದ ಮೇಜಿನಲ್ಲಿ ತೆಗೆದುಕೊಳ್ಳಿ" ಎನ್ನುತ್ತಾರೆ. ಆ ಪಕ್ಕದ ಮೇಜು ಮಾರಾಟ ವಿಭಾಗದ್ದು. ಅಲ್ಲಿರುವವರು ಸಹಾಯಕ್ಕೆ ನಿಂತವರಂತೆ ಕಂಡರೂ ನಿಮ್ಮನ್ನು ಪ್ರೆಸೆಂಟೇಶನ್‌ಗೆ ಒಪ್ಪಿಸಿದರೆ ಅವರಿಗೆ ಕಮಿಷನ್. ಪ್ರಯಾಣದ ಸುಸ್ತಿನಲ್ಲಿ ಅಲ್ಲಿ ಏನನ್ನೂ ಒಪ್ಪಿಕೊಳ್ಳಬೇಡಿ. ಪಾಸ್ ಕೊಡಿ, ಉಳಿದದ್ದು ನಾಳೆ ಎನ್ನಿ. ಪಾಸಿಗೂ ಪ್ರೆಸೆಂಟೇಶನ್‌ಗೂ ಸಂಬಂಧವಿಲ್ಲ.

ಫ್ಲಾರಿಡಾದ ಟೈಮ್‌ಶೇರ್ ಕಾನೂನಿನ ಪ್ರಕಾರ ಇಂಥ ಉಡುಗೊರೆಯ ಜಾಹೀರಾತಿನಲ್ಲಿ, ಇದು ಟೈಮ್‌ಶೇರ್ ಮಾರಾಟಕ್ಕಾಗಿ ಎಂದು ಬರೆದಿರಲೇಬೇಕು. ಚೀಟಿಯ ಸಣ್ಣ ಅಕ್ಷರದಲ್ಲಿ ಅದನ್ನು ಹುಡುಕಿ. ಕೆಳಗಿನವನ್ನೂ ಅಲ್ಲೇ ಬರವಣಿಗೆಯಲ್ಲಿ ಪಡೆಯಿರಿ:

– ಉಡುಗೊರೆ ನಿಖರವಾಗಿ ಏನು: ಎಷ್ಟು ಟಿಕೆಟ್, ಯಾವ ಪಾರ್ಕ್, ಯಾವ ದಿನಗಳಿಗೆ ನಡೆಯುತ್ತದೆ.
– ಟಿಕೆಟ್ ಯಾವಾಗ ಕೈಗೆ ಬರುತ್ತದೆ. "ಅದೇ ದಿನ, ಅಲ್ಲೇ" ಎಂದಿರಬೇಕು. ಆಮೇಲೆ ಅಂಚೆಯಲ್ಲಿ ಬರುವ ವೋಚರ್ ಆದರೆ ಬಿಟ್ಟುಬಿಡಿ.
– ಎಷ್ಟು ಹೊತ್ತು ಕೂರಬೇಕು.
– ಡೆಪಾಸಿಟ್ ಎಷ್ಟು, ವಾಪಸ್ ಯಾವಾಗ. ಬರುತ್ತೀರೆಂಬ ಖಾತರಿಗೆ ಸ್ವಲ್ಪ ಹಣ ಹಿಡಿದುಕೊಳ್ಳುವುದು ರೂಢಿ.
– ಅರ್ಹತೆ ಏನು.

ಈ ಅರ್ಹತೆಯ ವಿಷಯದಲ್ಲಿ ನಮ್ಮವರಿಗೆ ಆಗಾಗ ನಿರಾಸೆಯಾಗುತ್ತದೆ. ಸಾಮಾನ್ಯವಾಗಿ ಕೇಳುವುದು ಇಷ್ಟು: ಗೊತ್ತಾದ ವಯಸ್ಸಿನ ಮಿತಿ, ವರ್ಷಕ್ಕೆ ಇಷ್ಟು ಆದಾಯ, ಸ್ವಂತ ಕ್ರೆಡಿಟ್ ಕಾರ್ಡ್, ಗುರುತಿನ ಚೀಟಿ, ಇತ್ತೀಚೆಗೆ ಅದೇ ಕಂಪನಿಯ ಪ್ರೆಸೆಂಟೇಶನ್‌ಗೆ ಹೋಗಿರಬಾರದು, ಮತ್ತು ಮದುವೆಯಾಗಿದ್ದರೆ ಗಂಡ ಹೆಂಡತಿ ಇಬ್ಬರೂ ಕೊನೆಯವರೆಗೆ ಕೂತಿರಬೇಕು. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮನ ಹೆಸರಿನಲ್ಲಿ ಇನ್ನೊಂದು ಜೋಡಿ ಟಿಕೆಟ್ ಸಿಗುತ್ತದೆಂದು ಎಣಿಸಬೇಡಿ. ಯಾವುದನ್ನೂ ಸುಳ್ಳು ಹೇಳಬೇಡಿ. ಒಂದು ಷರತ್ತು ತಪ್ಪಿದರೂ ಕೊನೆಯಲ್ಲಿ ಉಡುಗೊರೆ ನಿರಾಕರಿಸಲು ಅವರಿಗೆ ನೆಪ ಸಿಕ್ಕಂತೆ.

ಅರ್ಜಿಯಲ್ಲಿ ಫೋನ್ ನಂಬರ್ ಬರೆಯುವಾಗಲೂ ಎಚ್ಚರ. ಆ ಸಹಿಯೊಂದಿಗೆ ನಿಮಗೆ ಕರೆ ಮಾಡಲು ಒಪ್ಪಿಗೆ ಕೊಟ್ಟಂತಾಗಬಹುದು. ಇಂಥದ್ದಕ್ಕೆಂದೇ ಬೇರೆ ಇಮೇಲ್, ಬೇರೆ ನಂಬರ್ ಇದ್ದರೆ ಅದನ್ನು ಕೊಡಿ.

ಹಂತ 2: ಹಿಂದಿನ ರಾತ್ರಿ ಗಂಡ ಹೆಂಡತಿ ಕೂತು ಮಾತಾಡಿ

ಇಡೀ ಕೆಲಸದಲ್ಲಿ ಇದೇ ಮುಖ್ಯ. ಇಬ್ಬರೂ ಬರಲೇಬೇಕು ಎಂದು ಅವರು ಹಟ ಹಿಡಿಯುವುದೇಕೆ? "ಮನೆಯಲ್ಲಿ ಕೇಳಿ ಹೇಳುತ್ತೇನೆ" ಎಂಬ ಮಾತಿಗೆ ಜಾಗ ಇರಬಾರದೆಂದು. ಮೇಜಿನ ಮುಂದೆ ಅವರು ಹುಡುಕುವುದು ಇಬ್ಬರಲ್ಲಿ ಯಾರ ಮನಸ್ಸು ಮೆತ್ತಗಿದೆ ಎಂಬುದನ್ನು. ಕಡಲತೀರದ ಚಿತ್ರ ನೋಡಿ ಹೆಂಡತಿಯ ಮುಖ ಅರಳಿದರೆ ಮಾತು ಆ ಕಡೆ ತಿರುಗುತ್ತದೆ: "ನಿಮ್ಮವರಿಗೆ ಇಷ್ಟು ಇಷ್ಟವಾಗಿದೆ, ನೀವು ಯಾಕೆ ಹಿಂದೆ ಮುಂದೆ ನೋಡುತ್ತೀರಿ?" ಅಲ್ಲಿಗೆ ಅದು ಕೋಣೆಯ ಮಾತಾಗಿ ಉಳಿಯುವುದಿಲ್ಲ.

ಆದ್ದರಿಂದ ಮೊದಲೇ ನಿರ್ಧರಿಸಿ: ನಾಳೆ ಎಷ್ಟೇ ಚೆನ್ನಾಗಿ ಕಂಡರೂ ಏನನ್ನೂ ಕೊಳ್ಳುವುದಿಲ್ಲ. ನಿಜಕ್ಕೂ ಮೆಚ್ಚಿಕೆಯಾದರೆ ಮನೆಗೆ ಹೋಗಿ, ತಿಂಗಳು ಯೋಚಿಸಿ, ಬೇರೆಯವರಿಂದ ಸೆಕೆಂಡ್ ಹ್ಯಾಂಡ್ ಕೊಳ್ಳೋಣ. ಈ ಎರಡನೇ ವಾಕ್ಯ ಕೂಡ ಮನಸ್ಸಿನಲ್ಲಿ ಇರಲಿ. ಅದು ಇದ್ದರೆ "ಇವತ್ತು ಬಿಟ್ಟರೆ ಹೋಯಿತು" ಎಂಬ ಭಯ ಹತ್ತಿರ ಸುಳಿಯುವುದಿಲ್ಲ.

ಬೆಳಗಿನ ಮೊದಲ ಸಮಯವನ್ನೇ ಆರಿಸಿ. ಮಕ್ಕಳನ್ನು ಅಜ್ಜಿ ತಾತನ ಜೊತೆ ಹೋಟೆಲಿನ ಈಜುಕೊಳದ ಬಳಿ ಬಿಟ್ಟು ಹೋಗುವುದು ಒಳ್ಳೆಯದು. 90 ನಿಮಿಷ ಎಂದಿದ್ದರೂ ಮೂರರಿಂದ ನಾಲ್ಕು ಗಂಟೆ ಹಿಡಿಯುತ್ತದೆಂದು ಅವರಿಗೆ ಹೇಳಿ ಹೋಗಿ. ಅದೇ ಮಧ್ಯಾಹ್ನಕ್ಕೆ ಪಾರ್ಕ್ ಬುಕ್ ಮಾಡಬೇಡಿ. ತಿಂಡಿ ಕೊಡುತ್ತಾರೆ ನಿಜ, ಆದರೆ ಸಸ್ಯಾಹಾರಿಗಳಿಗೆ ಮಫಿನ್, ಬೇಗಲ್, ಹಣ್ಣಿನ ಆಚೆ ಹೆಚ್ಚೇನೂ ಇರುವುದಿಲ್ಲ. ಹೊಟ್ಟೆ ತುಂಬಿಸಿಕೊಂಡೇ ಹೋಗಿ. ಹಸಿದವರು ಬೇಗ ಸೋಲುತ್ತಾರೆ. ಸ್ವಂತ ಕಾರಿನಲ್ಲಿ ಹೋಗಿ, ಅವರ ವ್ಯಾನ್ ಹತ್ತಬೇಡಿ.

ಹಂತ 3: ಮೇಜಿನ ಮುಂದೆ

ಮೊದಲ ಅರ್ಧ ಗಂಟೆ ಬರೀ ಕುಶಲೋಪರಿ. ಯಾವ ಊರು, ಎಷ್ಟು ಮಕ್ಕಳು, ಕಳೆದ ವರ್ಷ ಎಲ್ಲಿಗೆ ಹೋಗಿದ್ದಿರಿ, ರಜೆಗೆ ಎಷ್ಟು ಖರ್ಚಾಯಿತು, ಮುಂದೆ ಎಲ್ಲಿಗೆ ಹೋಗುವ ಆಸೆ. ಹರಟೆಯಂತೆ ಕಂಡರೂ ಇದರಲ್ಲಿ ನೀವು ಹೇಳಿದ ಪ್ರತಿ ಅಂಕಿಯೂ ಆಮೇಲೆ ಕಾಗದದ ಮೇಲೆ ಬರುತ್ತದೆ. "ನೀವೇ ಹೇಳಿದಿರಿ, ವರ್ಷಕ್ಕೆ 4,000 ಡಾಲರ್ ಹೋಟೆಲಿಗೆ ಹೋಗುತ್ತದೆ ಅಂತ. 20 ವರ್ಷಕ್ಕೆ 80,000 ಆಯಿತಲ್ಲ!" ಉತ್ತರಗಳನ್ನು ಚಿಕ್ಕದಾಗಿಡಿ.

ಉಂಡ ಮನೆಯ ಜಂತೆ ಎಣಿಸಬಾರದು ಎಂದು ಕಲಿತು ಬೆಳೆದವರು ನಾವು. ಕಾಫಿ ಕೊಟ್ಟವರ ಮುಂದೆ ಬೇಡ ಎನ್ನಲು ನಾಲಿಗೆ ಏಳುವುದಿಲ್ಲ. ಈ ಮಾರಾಟದ ವಿಧಾನ ನಿಂತಿರುವುದೇ ಆ ದಾಕ್ಷಿಣ್ಯದ ಮೇಲೆ. ಇಲ್ಲಿ ಜಂತೆ ಎಣಿಸಲೇಬೇಕು.

ಆಮೇಲೆ ದೊಡ್ಡ ಪರದೆಯ ಮೇಲೆ ಚಿತ್ರಗಳು, ಬಳಿಕ ಮಾದರಿ ಕೋಣೆ. ಎರಡು ಬೆಡ್‌ರೂಮು, ಅಡುಗೆಮನೆ, ಬಟ್ಟೆ ಒಗೆಯುವ ಯಂತ್ರ. ಅನ್ನ ಸಾರು ಮಾಡಿಕೊಂಡು ಆರು ಜನ ಹಾಯಾಗಿ ಇರಬಹುದಾದ ಮನೆ. ಇದು ಚೆನ್ನಾಗಿಯೇ ಇರುತ್ತದೆ, ಅದರಲ್ಲಿ ಮೋಸವಿಲ್ಲ. ಆದರೆ ಇಂಥದ್ದೇ ಕೋಣೆ ಟೈಮ್‌ಶೇರ್ ಇಲ್ಲದವರಿಗೂ ಸಾಮಾನ್ಯ ಬುಕಿಂಗ್ ಆ್ಯಪ್‌ಗಳಲ್ಲಿ ಬಾಡಿಗೆಗೆ ಸಿಗುತ್ತದೆ. ಮಾದರಿ ಕೋಣೆಯಲ್ಲಿ ನಿಂತೇ ಫೋನ್ ತೆಗೆದು ಆ ರೆಸಾರ್ಟಿನ ಮುಂದಿನ ವರ್ಷದ ಒಂದು ವಾರದ ಬಾಡಿಗೆ ನೋಡಿ ಬರೆದುಕೊಳ್ಳಿ.

ಮಾತನ್ನು ಗುಟ್ಟಾಗಿ ರೆಕಾರ್ಡ್ ಮಾಡುವ ಆಲೋಚನೆ ಬೇಡ. ಫ್ಲಾರಿಡಾದಲ್ಲಿ ಮಾತಾಡುವ ಎಲ್ಲರ ಒಪ್ಪಿಗೆ ಇಲ್ಲದೆ ಖಾಸಗಿ ಮಾತು ರೆಕಾರ್ಡ್ ಮಾಡುವುದು ಅಪರಾಧ. ನೋಟ್‌ಬುಕ್ ತೆಗೆದುಕೊಂಡು ಹೋಗಿ, ಅವರ ಎದುರೇ ಬರೆಯಿರಿ.

ಹಂತ 4: ಲೆಕ್ಕದ ಕಾಗದ

ಈಗ ಅಂಕಿಗಳು ಬರುತ್ತವೆ. ತೋರಿಸುವುದು ತಿಂಗಳ ಕಂತನ್ನು. ನೀವು ಕೇಳಬೇಕಾದದ್ದು ಒಟ್ಟು ಮೊತ್ತವನ್ನು. ಒಂದು ಉದಾಹರಣೆ ಮಾಡೋಣ.

ಬೆಲೆ 25,000 ಡಾಲರ್. ಮುಂಗಡ 5,000. ಉಳಿದ 20,000ಕ್ಕೆ ಅವರೇ ಸಾಲ ಕೊಡುತ್ತಾರೆ, ಬಡ್ಡಿ ಶೇ 15, ಅವಧಿ 10 ವರ್ಷ. ತಿಂಗಳ ಕಂತು ಸುಮಾರು 323 ಡಾಲರ್. ಹತ್ತು ವರ್ಷಕ್ಕೆ ಕಂತೇ 38,700 ದಾಟುತ್ತದೆ. ಮುಂಗಡ ಸೇರಿ 43,700. ಮೆಂಟೆನೆನ್ಸ್ ಫೀ ಮೊದಲ ವರ್ಷ 1,200 ಎಂದೂ ವರ್ಷಕ್ಕೆ ಶೇ 5 ಏರುತ್ತದೆಂದೂ ಇಟ್ಟುಕೊಂಡರೆ ಹತ್ತು ವರ್ಷಕ್ಕೆ ಸುಮಾರು 15,100. ಒಟ್ಟು 58,800. ವರ್ಷಕ್ಕೆ ಒಂದು ವಾರದಂತೆ ಹತ್ತು ವರ್ಷಕ್ಕೆ 70 ರಾತ್ರಿ. ಒಂದು ರಾತ್ರಿಗೆ 840 ಡಾಲರ್ ಬಿತ್ತು. ಈಗ ಮಾದರಿ ಕೋಣೆಯಲ್ಲಿ ಬರೆದುಕೊಂಡ ಬಾಡಿಗೆಯನ್ನು ಪಕ್ಕದಲ್ಲಿಟ್ಟು ನೋಡಿ.

ಸಾಲ ತೀರಿದ ಮೇಲೆ ಅಗ್ಗವಾಗುತ್ತದಲ್ಲ ಎಂದು ಅವರು ಹೇಳುತ್ತಾರೆ. ಸ್ವಲ್ಪ ಮಟ್ಟಿಗೆ ನಿಜ. ಆದರೆ ಇದೇ ಲೆಕ್ಕದಲ್ಲಿ ಹನ್ನೊಂದನೇ ವರ್ಷದ ಫೀ 1,950 ಡಾಲರ್ ದಾಟಿರುತ್ತದೆ, ಅದಕ್ಕೆ ಕೊನೆಯಿಲ್ಲ. ರೆಸಾರ್ಟಿಗೆ ಚಂಡಮಾರುತದಿಂದ ಹಾನಿಯಾದರೋ ದೊಡ್ಡ ದುರಸ್ತಿ ಬಂದರೋ ವಿಶೇಷ ವಂತಿಗೆ ಎಂದು ಇನ್ನೂ ಕೇಳಬಹುದು. ನಾಳೆ ನೀವು ಕೆಲಸ ಬಿಟ್ಟು ಬೆಂಗಳೂರಿಗೆ ಮರಳಿದರೂ ಬಿಲ್ ಬರುತ್ತಲೇ ಇರುತ್ತದೆ. ಊರಿಗೆ ಹಿಂತಿರುಗುವ ಯೋಚನೆ ಇರುವವರು, ಗ್ರೀನ್ ಕಾರ್ಡಿಗೆ ಕಾಯುತ್ತಿರುವವರು ಇದನ್ನು ಎರಡು ಸಲ ಯೋಚಿಸಿ.

"ಇದು ಆಸ್ತಿ, ಬೇಡವಾದಾಗ ಮಾರಬಹುದು" ಎಂಬ ಮಾತನ್ನು ನಂಬಲೇಬೇಡಿ. ಇ-ಬೇನಲ್ಲಿ ಟೈಮ್‌ಶೇರ್ ಎಂದು ಹುಡುಕಿ. ಒಂದು ಡಾಲರಿಗೆ ಇಟ್ಟ ವಾರಗಳು ಕಾಣುತ್ತವೆ. ಫೀ ಕಟ್ಟಿ ಸಾಕಾದವರು ಹೇಗಾದರೂ ಕೈ ತೊಳೆದುಕೊಂಡರೆ ಸಾಕೆಂದು ಇಟ್ಟಿರುತ್ತಾರೆ. ಟೈಮ್‌ಶೇರ್‌ನಿಂದ ಸಂತೋಷವಾಗಿರುವವರೂ ಇದ್ದಾರೆ. ಪ್ರತಿ ವರ್ಷ ಒಂದೇ ಕಡೆ ಹೋಗುವವರು, ವರ್ಷದ ಮೊದಲೇ ಬುಕ್ ಮಾಡಿಡುವವರು, ಸಾಲವಿಲ್ಲದೆ ಸೆಕೆಂಡ್ ಹ್ಯಾಂಡ್ ಕೊಂಡವರು. ಪ್ರೆಸೆಂಟೇಶನ್ ಮೇಜಿನಲ್ಲಿ ಪೂರ್ತಿ ಬೆಲೆ ಕೊಟ್ಟವರಲ್ಲಿ ಅಂಥವರನ್ನು ನಾನು ಕಂಡದ್ದು ಕಡಿಮೆ.

ಹಂತ 5: ಬೇಡ ಎನ್ನುವುದು

ಕಾರಣ ಕೊಡಬೇಡಿ. ಕೊಟ್ಟ ಪ್ರತಿ ಕಾರಣಕ್ಕೂ ಅವರಲ್ಲಿ ಉತ್ತರವಿದೆ. ದುಡ್ಡಿಲ್ಲ ಎಂದರೆ ಸಾಲವಿದೆ. ವರ್ಷವೂ ಬರಲಾಗದು ಎಂದರೆ ವರ್ಷ ಬಿಟ್ಟು ವರ್ಷದ ಯೋಜನೆ ಇದೆ. ಊರಿಗೆ ಹೋಗುತ್ತೇವೆ ಎಂದರೆ ಎಕ್ಸ್‌ಚೇಂಜ್‌ನಲ್ಲಿ ಗೋವಾದ ರೆಸಾರ್ಟ್ ತೋರಿಸುತ್ತಾರೆ. ಯೋಚಿಸಿ ಹೇಳುತ್ತೇವೆ ಎಂದರೆ ಈ ಬೆಲೆ ಇವತ್ತಿಗೆ ಮಾತ್ರ. ಒಂದೇ ವಾಕ್ಯ ಸಾಕು: "ಧನ್ಯವಾದ, ನಾವು ಇವತ್ತು ಏನನ್ನೂ ಕೊಳ್ಳುವುದಿಲ್ಲ." ಇಬ್ಬರೂ ಅದನ್ನೇ ಹೇಳಿ. ಮತ್ತೆ ಕೇಳಿದರೆ ಮತ್ತೆ ಅದನ್ನೇ.

ಆಗ ಮ್ಯಾನೇಜರ್ ಬರುತ್ತಾರೆ, ಬೆಲೆ ಇಳಿಯುತ್ತದೆ. ಅವರೂ ಎದ್ದ ಮೇಲೆ ಮೂರನೆಯವರು ಬಂದು "ನಿಮ್ಮ ಅಭಿಪ್ರಾಯ ಬರೆದುಕೊಳ್ಳುತ್ತೇನೆ ಅಷ್ಟೆ" ಎನ್ನುತ್ತಾ ಸಣ್ಣ ಪ್ರಾಯೋಗಿಕ ಪ್ಯಾಕೇಜ್ ಮುಂದಿಡುತ್ತಾರೆ. ಒಂದೆರಡು ಸಾವಿರ ಡಾಲರಿಗೆ ಒಂದು ವಾರದ ವಾಸ. ದೊಡ್ಡದನ್ನು ನಿರಾಕರಿಸಿದ ಮುಲಾಜಿಗೆ ಇದನ್ನಾದರೂ ತೆಗೆದುಕೊಳ್ಳುವವರು ಬಹಳ. ಅದರ ಜೊತೆ ಇನ್ನೊಂದು ಪ್ರೆಸೆಂಟೇಶನ್ ಅಂಟಿಕೊಂಡೇ ಬರುವುದು ಸಾಮಾನ್ಯ.

ಯಾವ ಕಾರಣಕ್ಕೂ ಸೋಶಿಯಲ್ ಸೆಕ್ಯುರಿಟಿ ನಂಬರ್ (ಅಮೆರಿಕದ ಗುರುತಿನ ಸಂಖ್ಯೆ) ಕೊಡಬೇಡಿ. "ಅರ್ಹತೆ ಇದೆಯೇ ಎಂದು ಸುಮ್ಮನೆ ನೋಡುತ್ತೇವೆ" ಎಂದು ಶುರುವಾಗಿ ಹೊಸ ಕ್ರೆಡಿಟ್ ಕಾರ್ಡಿನ ಅರ್ಜಿಯಾಗಿ ಮುಗಿಯಬಹುದು. ಮನೆ ಸಾಲಕ್ಕೆ ಸಿದ್ಧವಾಗುತ್ತಿರುವವರಿಗೆ ಅದು ದೊಡ್ಡ ತೊಂದರೆ.

ಒಪ್ಪಿದ ಸಮಯ ಮುಗಿದ ಕೂಡಲೇ ಚೀಟಿ ತೋರಿಸಿ ಎದ್ದು ನಿಲ್ಲಿ. ಕೂತಲ್ಲೇ ಹೇಳಿದರೆ ಮಾತು ಮುಂದುವರಿಯುತ್ತದೆ. ನಮ್ಮ ಮನೆಯಲ್ಲಿ ಒಮ್ಮೆ ಹಾಗೆ ಕೂತೇ ಬೇಡ ಎನ್ನುತ್ತಾ ಇನ್ನೂ ಒಂದೂವರೆ ಗಂಟೆ ಕಳೆದಿದ್ದೆವು, ಎದ್ದ ಎರಡು ನಿಮಿಷಕ್ಕೆ ಬಿಟ್ಟರು.

ಹಂತ 6: ಉಡುಗೊರೆಯ ಮೇಜು

ಬೂತಿನಲ್ಲಿ ಬರೆಸಿಕೊಂಡ ಚೀಟಿಯನ್ನೂ ಕೈಗೆ ಬಂದದ್ದನ್ನೂ ಹೋಲಿಸಿ. ಟಿಕೆಟ್ ನಂಬರನ್ನು ಅಲ್ಲೇ ನಿಂತು ಪಾರ್ಕಿನ ಅಧಿಕೃತ ಆ್ಯಪ್‌ಗೆ ಸೇರಿಸಿ ನೋಡಿ. ಡೆಪಾಸಿಟ್ ಹಿಂತಿರುಗಿದ ರಸೀದಿ ಪಡೆಯಿರಿ. ಬೇರೆ ಯಾರೋ ಅರ್ಧ ಬಳಸಿದ ಟಿಕೆಟ್ ಎಲ್ಲಿ ಸಿಕ್ಕರೂ ಮುಟ್ಟಬೇಡಿ. ಡಿಸ್ನಿ ಟಿಕೆಟ್ ಬೇರೆಯವರಿಗೆ ವರ್ಗವಾಗುವುದಿಲ್ಲ.

ಹಂತ 7: ಸಹಿ ಹಾಕಿಬಿಟ್ಟಿದ್ದರೆ

ಗಾಬರಿ ಬೇಡ, ನಾಚಿಕೆಯೂ ಬೇಡ. ಚೆನ್ನಾಗಿ ಓದಿದವರು, ಬ್ಯಾಂಕಿನಲ್ಲಿ ಕೆಲಸ ಮಾಡುವವರು ಕೂಡ ಸಹಿ ಹಾಕಿ ಬಂದಿದ್ದಾರೆ. ಫ್ಲಾರಿಡಾದಲ್ಲಿ ಸಹಿ ಹಾಕಿದ ದಿನ ಅಥವಾ ಕೊನೆಯ ದಾಖಲೆ ಕೈಗೆ ಬಂದ ದಿನ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಂದ 10 ದಿನ ರಿಸಿಶನ್ ಹಕ್ಕು ನಿಮ್ಮದು. ಈ ಹಕ್ಕನ್ನು ಬಿಟ್ಟುಕೊಟ್ಟಿದ್ದೀರಿ ಎಂದು ಏನೇ ಬರೆಸಿಕೊಂಡಿದ್ದರೂ ಅದು ನಡೆಯುವುದಿಲ್ಲ. ಶನಿವಾರ ಭಾನುವಾರವೂ ಲೆಕ್ಕಕ್ಕೆ ಸೇರುತ್ತವೆ. ಪೋರ್ಟ್ ಕೆನವೆರಲ್‌ನಿಂದ ಕ್ರೂಸ್ ಹೊರಡುವವರಿದ್ದರೆ ಹಡಗು ಹತ್ತುವ ಮೊದಲೇ ಪತ್ರ ಹಾಕಿ. ಏಳು ದಿನ ಸಮುದ್ರದಲ್ಲಿ ಕಳೆದರೆ ಉಳಿಯುವುದು ಮೂರೇ.

ಪತ್ರ ಇಂಗ್ಲಿಷಿನಲ್ಲಿ, ನಾಲ್ಕು ಸಾಲು ಸಾಕು. ಸಹಿ ಮಾಡಿದವರೆಲ್ಲರ ಹೆಸರು, ವಿಳಾಸ, ಕಾಂಟ್ರಾಕ್ಟ್ ನಂಬರ್, ಸಹಿ ಹಾಕಿದ ದಿನಾಂಕ, ರೆಸಾರ್ಟಿನ ಹೆಸರು, "ಈ ಕರಾರನ್ನು ರದ್ದು ಮಾಡುತ್ತಿದ್ದೇವೆ, ಕೊಟ್ಟ ಹಣವೆಲ್ಲ ಹಿಂತಿರುಗಿಸಿ" ಎಂಬ ವಾಕ್ಯ, ಎಲ್ಲರ ಸಹಿ. ಕಾರಣ ಬರೆಯಬೇಡಿ. ಕಳಿಸಬೇಕಾದ ವಿಳಾಸ ಕಾಂಟ್ರಾಕ್ಟಿನಲ್ಲೇ ಇರುತ್ತದೆ, ನಿಮ್ಮ ಸಹಿ ಇರುವ ಪುಟದ ಸುತ್ತಮುತ್ತ ಹುಡುಕಿ. ಕೆಲವರು ದಾಖಲೆಗಳನ್ನು ಪೆನ್ ಡ್ರೈವ್‌ನಲ್ಲಿ ಅಥವಾ ಫೈಲಿನ ಒಳಜೇಬಿನಲ್ಲಿ ಇಟ್ಟಿರುತ್ತಾರೆ.

ಅಂಚೆ ಕಚೇರಿಗೆ ಹೋಗಿ ಸರ್ಟಿಫೈಡ್ ಮೇಲ್, ರಿಟರ್ನ್ ರಸೀದಿ ಸಮೇತ ಕಳಿಸಿ. ಫ್ಲಾರಿಡಾ ಕಾನೂನಿನಲ್ಲಿ ಪತ್ರ ಕಳಿಸಿದ ದಿನವೇ ಲೆಕ್ಕಕ್ಕೆ ಬರುತ್ತದೆ, ತಲುಪಿದ ದಿನವಲ್ಲ. ಅದಕ್ಕೇ ಅಂಚೆ ಮುದ್ರೆಯ ರಸೀದಿ ಚಿನ್ನದಷ್ಟು ಜೋಪಾನ. ಫೋನ್ ಮಾಡಿ ಹೇಳಿದರೆ ರದ್ದಾಗುವುದಿಲ್ಲ. ಫೋನ್ ಮಾಡಿದರೆ ಇನ್ನೊಂದು ಒಳ್ಳೆಯ ಆಫರ್ ಬಂದು, ಹತ್ತು ದಿನ ಕಳೆದುಹೋಗುತ್ತದೆ. ಪತ್ರ ಹಾಕಿಯೂ ಹಣ ಬಾರದಿದ್ದರೆ ಫ್ಲಾರಿಡಾ ಸರ್ಕಾರದ ವ್ಯಾಪಾರ ಮತ್ತು ವೃತ್ತಿ ನಿಯಂತ್ರಣ ಇಲಾಖೆಯಲ್ಲಿ ಟೈಮ್‌ಶೇರ್ ದೂರು ನೋಡುವ ವಿಭಾಗವಿದೆ, ಅಲ್ಲಿಗೆ ದೂರು ಕೊಡಿ.

ಬೇರೆ ಕಡೆ ಅವಧಿ ಬೇರೆ. ಲಾಸ್ ವೇಗಸ್ ಇರುವ ನೆವಾಡಾದಲ್ಲಿ 5 ದಿನ, ಕ್ಯಾಲಿಫೋರ್ನಿಯಾ ಮತ್ತು ಹವಾಯಿಯಲ್ಲಿ 7, ಮೆಕ್ಸಿಕೊದಲ್ಲಿ 5 ಕೆಲಸದ ದಿನ, ಯುರೋಪ್ ಒಕ್ಕೂಟದ ದೇಶಗಳಲ್ಲಿ 14. ಯುರೋಪಿನಲ್ಲಿ ಆ 14 ದಿನ ಮುಗಿಯುವ ಮೊದಲು ಮುಂಗಡ ಕೇಳುವುದೇ ನಿಷಿದ್ಧ.

ಅವಧಿ ಮೀರಿದ್ದರೆ ಮೊದಲು ರೆಸಾರ್ಟಿನ ಕಂಪನಿಯನ್ನೇ ಬರವಣಿಗೆಯಲ್ಲಿ ಕೇಳಿ. ಸಾಲ ತೀರಿದ ವಾರಗಳನ್ನು ವಾಪಸ್ ಪಡೆಯುವ ಯೋಜನೆ ಕೆಲವರಲ್ಲಿ ಇದೆ. "ನಿಮ್ಮ ಟೈಮ್‌ಶೇರ್‌ಗೆ ಗಿರಾಕಿ ಸಿದ್ಧವಿದ್ದಾರೆ, ಮೊದಲು ತೆರಿಗೆ ಕಟ್ಟಿ" ಎಂದು ತಾನಾಗಿ ಬರುವ ಕರೆಯನ್ನು ಅಲ್ಲೇ ಕತ್ತರಿಸಿ. ಮೆಕ್ಸಿಕೊದ ಮಾದಕವಸ್ತು ಜಾಲಗಳು ಇಂಥ ಕರೆಗಳಿಂದ ಅಮೆರಿಕದವರನ್ನು ದೋಚುತ್ತಿವೆ ಎಂದು ಅಮೆರಿಕದ ಖಜಾನೆ ಇಲಾಖೆ 2023ರಲ್ಲಿ ನಿರ್ಬಂಧಗಳನ್ನೇ ಹೇರಿದೆ.

ಊರಿನಲ್ಲಿರುವವರಿಗೆ

ಬೆಂಗಳೂರು, ಮೈಸೂರಿನ ಮಾಲಿನಲ್ಲಿ ಲಕ್ಕಿ ಡ್ರಾ ಚೀಟಿ ತುಂಬಿಸಿದ ವಾರಕ್ಕೆ "ಸರ್, ನಿಮಗೆ ಬಹುಮಾನ ಬಂದಿದೆ, ಮೇಡಂ ಜೊತೆ ಹೋಟೆಲಿಗೆ ಬನ್ನಿ" ಎಂದು ಬರುವ ಕರೆಯೂ ಇದೇ. ಹೆಸರು ಮಾತ್ರ ಹಾಲಿಡೇ ಮೆಂಬರ್‌ಶಿಪ್. ವರ್ಷದ ದಿನಗಳನ್ನು ಕೆಂಪು, ನೀಲಿ, ಬಿಳಿ ಎಂದು ಬಣ್ಣದ ಹೆಸರಿನ ಸೀಸನ್‌ಗಳಾಗಿ ವಿಂಗಡಿಸಿದ್ದರೆ ಮಕ್ಕಳ ದಸರಾ, ಬೇಸಿಗೆ ರಜೆ ಯಾವ ಬಣ್ಣದಲ್ಲಿ ಬರುತ್ತದೆ ಎಂದು ಕ್ಯಾಲೆಂಡರ್ ಹಿಡಿದು ಕೇಳಿ. ಬಹುಮಾನವೆಂದು ಕೊಡುವ ಉಚಿತ ವೋಚರ್‌ಗೆ ಊಟದ ಖರ್ಚು, ಬಳಕೆ ಶುಲ್ಕ ಎಷ್ಟು ಎಂದೂ ಕೇಳಿ.

ಭಾರತದಲ್ಲಿ ಟೈಮ್‌ಶೇರ್‌ಗೆಂದೇ ಪ್ರತ್ಯೇಕ ಕೇಂದ್ರ ಕಾನೂನು ಇಲ್ಲ. ಆದ್ದರಿಂದ ರದ್ದು ಮಾಡುವ ಅವಧಿ ಎಷ್ಟು, ಎಷ್ಟು ಹಣ ಕಡಿತ ಎಂಬುದು ಅವರ ಒಪ್ಪಂದದಲ್ಲಿ ಬರೆದಷ್ಟೇ. ಅದನ್ನು ಓದುವ ಮೊದಲು ಕಾರ್ಡ್ ಉಜ್ಜಬೇಡಿ. ಇಎಂಐ ಬೇರೆ ಹಣಕಾಸು ಕಂಪನಿಯ ಮೂಲಕ ಆಗಿದ್ದರೆ ಸಾಲ ಬೇರೆಯೇ ಒಪ್ಪಂದ. ಮೆಂಬರ್‌ಶಿಪ್ ರದ್ದಾದರೂ ಸಾಲ ಮುಚ್ಚಿದ ಪತ್ರವನ್ನು ಪ್ರತ್ಯೇಕವಾಗಿ ಕೇಳಿ ಪಡೆಯಬೇಕು. ಬಾಯಿಮಾತಿನ ಭರವಸೆಗಳನ್ನೆಲ್ಲ ಅದೇ ದಿನ ಇಮೇಲ್ ಮಾಡಿ, "ನೀವು ಹೀಗೆ ಹೇಳಿದಿರಿ, ಸರಿ ತಾನೇ" ಎಂದು ಕೇಳಿ ಇಟ್ಟುಕೊಳ್ಳಿ. ಜಗಳವಾದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಕಂಪನಿಯ ಕಚೇರಿ ಮುಂಬೈಯಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ವಕೀಲರಿಲ್ಲದೆಯೂ ವಾದಿಸಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು.